ಮಧ್ಯೆ ಬಿಟ್ಟೆದ್ದರೂ ಕೆಡದ ಕೆಲಸ: ಮನೆಯಲ್ಲೇ ಕೌದಿ ಹೊಲಿಯುವುದು ಹೇಗೆ?

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಲೆಗೆ ಸಮಯವೇ ಸಿಗುವುದಿಲ್ಲ ಅನ್ನುವುದು ಅರ್ಧ ನಿಜ. ಸಮಯ ಸಿಗುತ್ತದೆ, ಚೂರುಚೂರಾಗಿ ಸಿಗುತ್ತದೆ. ಸ್ಕೂಲ್ ವ್ಯಾನ್ ಹೊರಟ ಮೇಲೆ ಒಂದಿಷ್ಟು, ಮಧ್ಯಾಹ್ನ ಚಿಕ್ಕದು ಮಲಗಿದಾಗ ಇನ್ನೊಂದಿಷ್ಟು. ಅಷ್ಟರಲ್ಲಿ ಗ್ಯಾಸ್‌ನವನೋ ಕೊರಿಯರ್‌ನವನೋ ಬೆಲ್ ಮಾಡಿರುತ್ತಾನೆ. ಪ್ಯಾಲೆಟ್ ಮೇಲೆ ಹಿಂಡಿಟ್ಟ ಅಕ್ರಿಲಿಕ್ ಬಣ್ಣ ಇದಕ್ಕೆಲ್ಲ ಕಾಯುವುದಿಲ್ಲ, ಒಣಗಿ ಸಿಪ್ಪೆಯಾಗುತ್ತದೆ. ರೆಸಿನ್ ಕಲಸಿದರೆ ಗಟ್ಟಿಯಾಗುವ ಮುಂಚೆ ಸುರಿದು ಮುಗಿಸಲೇಬೇಕು. ಜೇಡಿಮಣ್ಣಿಗೆ ಒದ್ದೆ ಬಟ್ಟೆ ಹೊದಿಸಿ ಕಾಪಾಡಬೇಕು. ಹಾಗಾಗಿ ಅಮ್ಮಂದಿರು ಕರಕುಶಲ ಆರಿಸಿಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಎಲ್ಲಿ ಬೇಕಾದರೂ ಬಿಟ್ಟು ಏಳಬಹುದೇ?

ನಾನು ಕಲಿತದ್ದು ಚಿತ್ರಕಲೆ, ಮಗಳು ಹುಟ್ಟಿದ ಮೇಲೆ ಕೈಗೆ ಬಂದದ್ದು ಕೌದಿ, ಅಂದರೆ ಹಳೆಯ ಬಟ್ಟೆಯ ಪದರಗಳ ಮೇಲೆ ತುಂಡುಗಳನ್ನು ಜೋಡಿಸಿ ಕೈಯಲ್ಲೇ ಹೊಲಿಯುವ ಹೊದಿಕೆ. ಹೊಲಿಗೆಯನ್ನು ಅರ್ಧಕ್ಕೆ ನಿಲ್ಲಿಸಿ, ಸೂಜಿ ಎತ್ತಿಟ್ಟು ಎದ್ದು ಹೋದರೆ ವಾರ ಬಿಟ್ಟು ಬಂದರೂ ಅದು ಅಲ್ಲೇ ಇರುತ್ತದೆ. ಬಣ್ಣದ ಪಕ್ಕ ಯಾವ ಬಣ್ಣ ಕೂರಬೇಕು, ಎಲ್ಲಿ ಖಾಲಿ ಬಿಡಬೇಕು ಎನ್ನುವ ಲೆಕ್ಕಾಚಾರವೆಲ್ಲ ಕ್ಯಾನ್ವಾಸಿನದ್ದೇ. ಯಂತ್ರ ಬೇಕಿಲ್ಲ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸ್ಟುಡಿಯೋಗೆ ಜಾಗ ಇಲ್ಲ ಎನ್ನುವ ಕೊರಗೂ ಇಲ್ಲ, ಎಲ್ಲವೂ ಒಂದು ಬಟ್ಟೆ ಚೀಲದಲ್ಲಿ ಹಿಡಿಯುತ್ತದೆ.

ಧಾರವಾಡ, ಬಾಗಲಕೋಟೆ, ವಿಜಯಪುರದ ಕಡೆ ಕೌದಿ ಇಲ್ಲದ ಮನೆಯೇ ಅಪರೂಪ. ನಾನಿಲ್ಲಿ ಹೇಳುವ ಕ್ರಮಕ್ಕೆ ಆಧಾರ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಬಗೆ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ತುಂಡುಗಳನ್ನು ಮೊದಲೇ ಅಳೆದು ಜೋಡಿಸಿಕೊಳ್ಳುವ ತಾಪತ್ರಯವಿಲ್ಲ, ಕೊನೆಗೆ ಅಂಚು ಕಟ್ಟುವ ಬೇಸರದ ಕೆಲಸವೂ ಇಲ್ಲ. ಹೊಸಬರಿಗೆ ಇದಕ್ಕಿಂತ ಸಲೀಸಾದ ದಾರಿ ನನಗೆ ಗೊತ್ತಿಲ್ಲ.

ಬಟ್ಟೆ ಎಲ್ಲಿಂದ?

ಮೊದಲ ಕೌದಿಗೆ ಹೊಸ ಬಟ್ಟೆ ಕೊಳ್ಳಲೇಬೇಡಿ. ತಳಕ್ಕೆ ಮತ್ತು ಒಳಪದರಕ್ಕೆ ಒಂದು ಹಳೆಯ ಹತ್ತಿ ಸೀರೆ ಸಾಕು. ಒಗೆದು ಒಗೆದು ಮೆತ್ತಗಾದದ್ದೇ ಬೇಕು, ಆದರೆ ಪಿಸಿದದ್ದು ಬೇಡ. ಸೀರೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಎಳೆಗಳು ಬಿಟ್ಟುಕೊಂಡರೆ ಅದನ್ನು ಒರೆಸುವ ಬಟ್ಟೆ ಮಾಡಿಕೊಳ್ಳಿ.

ಮೇಲಿನ ತುಂಡುಗಳಿಗೆ ನಮ್ಮ ಬೆಂಗಳೂರಿನಲ್ಲಿ ಬರವೇ ಇಲ್ಲ. ವರಮಹಾಲಕ್ಷ್ಮಿ, ಗೌರಿ ಹಬ್ಬ, ನವರಾತ್ರಿ ಗೊಂಬೆ ಎಂದು ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ಬ್ಲೌಸ್ ಪೀಸ್‌ಗಳು ಬೀರುವಿನಲ್ಲಿ ಪೇರಿಸಿಕೊಂಡಿರುತ್ತವೆ. ಬಸವನಗುಡಿಯಲ್ಲಿ ಪಡೆದದ್ದನ್ನು ರಾಜಾಜಿನಗರದಲ್ಲಿ ಕೊಟ್ಟು, ಅದು ಮುಂದಿನ ವರ್ಷ ಮತ್ತೆ ನಮ್ಮ ಮನೆಗೇ ಬರುವುದೂ ಉಂಟು. ಅವುಗಳ ಪ್ರದಕ್ಷಿಣೆಗೆ ಇಲ್ಲೇ ಮುಕ್ತಾಯ ಹಾಡಬಹುದು. ಬೀದಿ ಕೊನೆಯ ಬ್ಲೌಸ್ ಟೈಲರ್ ಬಳಿ ಕೇಳಿದರೆ ಒಂದು ಕವರ್ ತುಂಬ ಚಿಂದಿ ಸಿಗುತ್ತದೆ.

ಆದರೆ ಎಲ್ಲ ಬ್ಲೌಸ್ ಪೀಸೂ ಹತ್ತಿ ಅಲ್ಲ. ಪರೀಕ್ಷೆ ಸುಲಭ. ಅಂಚಿನಿಂದ ನಾಲ್ಕೈದು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ಮುದುರಿ, ತುದಿಯಲ್ಲಿ ಗಟ್ಟಿ ಮಣಿ ನಿಲ್ಲುತ್ತದೆ. ಮಣಿ ನಿಂತದ್ದನ್ನು ದೂರವಿಡಿ. ಅದು ಬೆವರು ಹೀರುವುದಿಲ್ಲ, ಸೂಜಿಯೂ ಜಾರುತ್ತದೆ. ಮಕ್ಕಳು ಮನೆಯಲ್ಲಿಲ್ಲದಾಗ ಈ ಪರೀಕ್ಷೆ ಮುಗಿಸಿ, ಇಲ್ಲವಾದರೆ ಅವರು ಅದನ್ನೇ ಆಟ ಮಾಡಿಕೊಳ್ಳುತ್ತಾರೆ. ಎಳೆದರೆ ಹಿಗ್ಗುವ ಟೀ ಶರ್ಟ್ ಬಟ್ಟೆ, ಚರ್ಮಕ್ಕೆ ಚುಚ್ಚುವ ಜರಿ ಅಂಚು, ಇವೂ ಬೇಡ.

ಇನ್ನು ಮಕ್ಕಳ ಚಿಕ್ಕದಾದ ಬಟ್ಟೆಗಳು. ಕೌದಿಗೆ ಜೀವ ಬರುವುದೇ ಇವುಗಳಿಂದ. ಕತ್ತರಿ ಹಾಕುವ ಮುನ್ನ ಮಗುವನ್ನು ಕೇಳಿಬಿಡಿ. "ಅಮ್ಮಾ, ಅದು ನನ್ ಬರ್ತ್‌ಡೇ ಫ್ರಾಕು, ಮುಟ್ಬೇಡ" ಎಂದು ನನ್ನ ಮಗಳು ತೋಳು ಕೂಡ ಏರದ ಫ್ರಾಕನ್ನು ಎದೆಗಪ್ಪಿಕೊಂಡು ಕೂತಿದ್ದಳು. ಒಪ್ಪಂದ ಆದದ್ದು ಹೀಗೆ: ಫ್ರಾಕಿನ ಜೇಬು ಮಾತ್ರ ಹಾಗೇ ಬಿಚ್ಚಿ, ಜೇಬಾಗಿಯೇ ಕೌದಿಯ ಮೇಲೆ ಕೂರಬೇಕು. ಈಗ ಅದರೊಳಗೆ ಅವಳ ಕ್ರೇಯಾನ್, ಗೋಲಿ, ಒಮ್ಮೊಮ್ಮೆ ಅರ್ಧ ಬಿಸ್ಕೆಟ್ ಇರುತ್ತದೆ. ಯಾರ ಕೌದಿಯೇ ಇರಲಿ, ಒಂದು ಜೇಬು ಇರಲಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ.

ಎಲ್ಲವನ್ನೂ ಒಗೆದು, ಗಂಜಿ ಪೂರ್ತಿ ಬಿಡಿಸಿ ಒಣಗಿಸಿ. ಗಂಜಿ ಉಳಿದರೆ ಸೂಜಿ ತೂರುವುದಿಲ್ಲ, ಸಿಲ್ವರ್‌ಫಿಶ್‌ನಂಥ ಹುಳುಗಳಿಗೂ ಅದು ಊಟ. ಕೆಂಪು, ಕಡುನೀಲಿ ಬಟ್ಟೆಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನೆಚ್ಚಬೇಡಿ. ಬಣ್ಣ ಬಿಡುವುದು ನಿಲ್ಲುವವರೆಗೂ ಬೇರೆಯಾಗಿ ಒಗೆಯಿರಿ, ನಿಲ್ಲದಿದ್ದರೆ ಆ ತುಂಡನ್ನು ಕೈಬಿಡಿ.

ಸೂಜಿ, ದಾರ

ಇವೆರಡನ್ನು ಮಾತ್ರ ಕೊಳ್ಳಬೇಕು. ಮೆಟ್ರೋ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆಯಲ್ಲಿ ಇಳಿದು ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಕಡೆ ನಡೆದರೆ ದಾರ, ಮಣಿ, ಲೇಸು ಎಲ್ಲ ಸಿಗುತ್ತದೆ. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುವ ಜಾಗವಂತೂ ಅಲ್ಲ. ಭಾನುವಾರ ಬಹುಪಾಲು ಅಂಗಡಿ ಬಾಗಿಲು ಹಾಕಿರುತ್ತವೆ. ಅಷ್ಟು ದೂರ ಆಗದಿದ್ದರೆ ಮಲ್ಲೇಶ್ವರ, ಜಯನಗರ 4ನೇ ಬ್ಲಾಕ್‌ನ ಫ್ಯಾನ್ಸಿ ಸ್ಟೋರುಗಳಲ್ಲಿ ಕೇಳಿ.

ಹೊಲಿಗೆ ಯಂತ್ರದ ತೆಳು ದಾರ ಒಂಟಿ ಎಳೆಯಲ್ಲಿ ನಿಲ್ಲುವುದಿಲ್ಲ. ಗಟ್ಟಿ ಹತ್ತಿ ದಾರ ಕೇಳಿ, ಅಥವಾ ಕಸೂತಿಗೆ ಬಳಸುವ ಆರೆಳೆಯ ದಾರದಲ್ಲಿ ಮೂರೆಳೆ ಬಿಡಿಸಿಕೊಳ್ಳಿ. ಬಟ್ಟೆಗೆ ಎದ್ದು ಕಾಣುವ ಬಣ್ಣದ್ದೇ ಇರಲಿ, ಸಾಲುಗಳು ಕಂಡರೇ ಕೌದಿಗೆ ಚೆಂದ. ಉದ್ದನೆಯ, ಕಣ್ಣು ದೊಡ್ಡದಿರುವ ನಾಲ್ಕು ಸೂಜಿ, ನಡುಬೆರಳಿಗೆ ಹಾಕುವ ಲೋಹದ ಟೋಪಿ, ಒಂದು ತುಂಡು ಮೇಣದಬತ್ತಿ ಇದ್ದರಾಯಿತು. ದಾರವನ್ನು ಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಗಂಟು ಬೀಳುವುದು ಕಡಿಮೆ.

ಸೂಜಿಗಳನ್ನು ಮುಚ್ಚಳ ಬಿಗಿಯಿರುವ ಸ್ಟೀಲ್ ಡಬ್ಬಿಯಲ್ಲಿಡಿ. ತೆಗೆಯುವಾಗ ಎಣಿಸಿ, ಇಡುವಾಗ ಎಣಿಸಿ. ಒಂದು ಕಮ್ಮಿಯಾದರೆ ಸಿಗುವವರೆಗೂ ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ.

ತಳ ಹಾಸುವುದು

ಸೀರೆ ಸುಮಾರು ಐದೂವರೆ ಮೀಟರ್, ಅಂದರೆ 216 ಇಂಚು. 39 ಇಂಚಿಗೊಂದರಂತೆ ಅಡ್ಡಕ್ಕೆ ಹರಿದರೆ ಐದು ತುಂಡು ಬರುತ್ತವೆ. ಅಗಲ 45 ಇಂಚಿನ ಆಸುಪಾಸು ಇರುವುದರಿಂದ ಮಗುವಿನ ಕೌದಿಗೆ ಹೇಳಿ ಮಾಡಿಸಿದ ಅಳತೆ. ಕತ್ತರಿಯಿಂದ ಗೀಚುತ್ತ ಕೂರಬೇಡಿ. ಅಂಚಿನಲ್ಲಿ ಒಂದಿಂಚು ಕತ್ತರಿಸಿ, ಎರಡೂ ಕಡೆ ಹಿಡಿದು ಜಗ್ಗಿದರೆ ಚರ್ರನೆ ನೇರವಾಗಿ ಹರಿಯುತ್ತದೆ. ಮಕ್ಕಳಿಗೆ ಈ ಸದ್ದು ಬಲು ಇಷ್ಟ, ಇನ್ನೊಂದು ತುದಿ ಅವರ ಕೈಗೇ ಕೊಡಿ.

ಒಂದು ತುಂಡು ತಳಕ್ಕೆ, ಎರಡು ಒಳಪದರಕ್ಕೆ. ಬೆಂಗಳೂರಿನ ಚಳಿಗೆ ಇಷ್ಟೇ ಸಾಕು. ಡಿಸೆಂಬರ್–ಜನವರಿಯಲ್ಲೂ ರಾತ್ರಿ ಉಷ್ಣಾಂಶ ಸಾಮಾನ್ಯವಾಗಿ 15–16 ಡಿಗ್ರಿ ಇರುತ್ತದೆ, ಪದರ ಹೆಚ್ಚಾದಷ್ಟೂ ಬೆರಳಿಗೇ ಶಿಕ್ಷೆ. ಉಳಿದ ಎರಡು ತುಂಡು ಮುಂದಿನದಕ್ಕೆ ಎತ್ತಿಡಿ. ಒಳಪದರಗಳನ್ನು ನಾಲ್ಕೂ ಕಡೆ ಒಂದೊಂದು ಇಂಚು ಕಡಿಮೆ ಮಾಡಿ.

ನೆಲ ಒರೆಸಿ, ತಳದ ತುಂಡನ್ನು ಹಾಸಿ, ನಾಲ್ಕು ಮೂಲೆಗೂ ಟೇಪ್ ಅಂಟಿಸಿ. ಅದರ ಮೇಲೆ ಒಳಪದರಗಳನ್ನು ಹರಡಿ, ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ ಸುಕ್ಕು ತೆಗೆಯಿರಿ. ಗೇಣು ಗೇಣು ಬಿಟ್ಟು ಉದ್ದುದ್ದ ಕಚ್ಚಾ ಹೊಲಿಗೆ (ಕೊನೆಗೆ ಬಿಚ್ಚಿಬಿಡುವಂಥದ್ದು) ಹಾಕಿ. ಇಡೀ ಕೆಲಸದಲ್ಲಿ ಒಂದೇ ಸಲಕ್ಕೆ ಕೂತು ಮುಗಿಸಬೇಕಾದದ್ದು ಇದೊಂದೇ, ಅದಕ್ಕೆ ಮಕ್ಕಳು ಮಲಗಿದ ಮೇಲಿನ ಹೊತ್ತು ವಾಸಿ. ಆಮೇಲೆ ಇದನ್ನು ಹೇಗೆ ಮಡಚಿ ಚೀಲಕ್ಕೆ ತುರುಕಿದರೂ ಪದರ ಕದಲುವುದಿಲ್ಲ.

ಮೂಲೆಯಿಂದ ಶುರು

ನಾಲ್ಕಿಂಚಿನ ಚೌಕ ತುಂಡನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಮಡಚಿ. ಪುಟ್ಟ ತ್ರಿಕೋನವಾಗುತ್ತದೆ. ಸಿದ್ದಿ ಹೆಂಗಸರು ಕೌದಿಯ ನಾಲ್ಕೂ ಮೂಲೆಗೆ ಹೂವಿನಂತೆ ಕೂರಿಸುವುದು ಇಂಥದ್ದನ್ನೇ. ತಳದ ಬಟ್ಟೆಯ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಚಿ, ಮೊದಲ ತುಂಡಿನ ಹೊರ ಅಂಚನ್ನೂ ಅಷ್ಟೇ ಮಡಚಿ ಅದರ ಮೇಲೆ ಕೂರಿಸಿ. ನಡುವೆ ತ್ರಿಕೋನದ ಬುಡ ಸಿಕ್ಕಿಸಿ, ತುದಿ ಹೊರಗಿರಲಿ. ಈಗ ಅಂಚಿನಿಂದ ಕಾಲು ಇಂಚು ಒಳಗೆ ರನ್ನಿಂಗ್ ಹೊಲಿಗೆ, ಅಂದರೆ ಸೂಜಿ ಮೇಲೆ ಕೆಳಗೆ ಹೋಗುತ್ತ ನೇರ ಸಾಗುವ ಹೊಲಿಗೆ, ಹಾಕುತ್ತ ಹೊರಡಿ. ಇಂಚಿಗೆ ಮೂರು ಹೊಲಿಗೆ ಬಂದರೆ ಧಾರಾಳ. ಸೂಜಿ ತಳದವರೆಗೂ ಹೋಯಿತೇ ಎಂದು ಎಡಗೈ ಬೆರಳನ್ನು ಅಡಿಯಲ್ಲಿಟ್ಟು ನೋಡಿಕೊಳ್ಳುತ್ತಿರಿ.

ಮೊದಲ ತುಂಡು ಮುಗಿಯುವಲ್ಲಿ ಎರಡನೆಯದರ ಅಂಚನ್ನು ಮಡಚಿ, ಮೊದಲನೆಯದರ ಮೇಲೆ ಅರ್ಧ ಇಂಚು ಹತ್ತಿಸಿ, ಹಾಗೇ ಮುಂದುವರಿಯಿರಿ. ತುಂಡುಗಳು ಒಂದೇ ಅಳತೆ ಇರಬೇಕಿಲ್ಲ. ಉದ್ದ ತೋಳು, ಅಡ್ಡ ಪಟ್ಟಿ, ಮೊಳ ಅಗಲದ ಚೌಕ, ಏನು ಸಿಕ್ಕಿತೋ ಅದು. ನಾಲ್ಕೂ ಮೂಲೆ ಸುತ್ತಿ ಬಂದ ಮೇಲೆ ಮೊದಲ ಸಾಲಿಗೆ ಸಮಾನವಾಗಿ ಒಂದು ಬೆರಳು ಬಿಟ್ಟು ಎರಡನೇ ಸುತ್ತು. ಮೊದಲ ಸುತ್ತಿನ ತುಂಡುಗಳು ಮುಗಿದಲ್ಲಿ ಒಳಗಡೆಗೆ ಹೊಸವು ಸೇರುತ್ತವೆ. ಹೀಗೆ ಸುತ್ತುತ್ತ ನಡುವಿನ ಕೊನೆಯ ಖಾಲಿ ಜಾಗಕ್ಕೆ ಬಂದಾಗ, ನಾಲ್ಕೂ ಕಡೆ ಮಡಚಿದ ಒಂದು ತುಂಡಿನಿಂದ ಮುಚ್ಚಿ, ಕಚ್ಚಾ ಹೊಲಿಗೆ ಬಿಚ್ಚಿಬಿಡಿ.

ಬಣ್ಣದ ಬಗ್ಗೆ ಒಂದೇ ಮಾತು. ಒಂದು ಗಾಢ ಬಣ್ಣ ಆರಿಸಿಕೊಂಡು ಅದನ್ನು ನಾಲ್ಕೈದು ಕಡೆ ಚದುರಿಸಿ, ಆಗ ಉಳಿದದ್ದು ಎಷ್ಟು ಚೆಲ್ಲಾಪಿಲ್ಲಿಯಾಗಿದ್ದರೂ ಕಣ್ಣಿಗೆ ಒಗ್ಗುತ್ತದೆ. ಎಲ್ಲ ಬ್ಲೌಸ್ ಪೀಸೂ ಕಿರುಚುವ ಗುಲಾಬಿ, ಗಿಳಿಹಸಿರೇ ಆಗಿದ್ದರೆ ನಡುನಡುವೆ ಅಪ್ಪನ ಹಳೇ ಪಂಚೆಯ ಬಿಳಿ ಸೇರಿಸಿ.

ಗಂಟೆಯ ಬದಲು ಎಳೆಯ ಲೆಕ್ಕ

ಮೊಳದುದ್ದದ ದಾರಕ್ಕಿಂತ ಹೆಚ್ಚು ಪೋಣಿಸಬೇಡಿ, ಸಿಕ್ಕಾಗುತ್ತದೆ. ಒಂದು ಸಲ ಪೋಣಿಸಿದ ದಾರವನ್ನು ಒಂದು ಎಳೆ ಎಂದುಕೊಂಡರೆ, ಅದಕ್ಕೆ ಹೆಚ್ಚುಕಡಿಮೆ 14 ಇಂಚು ಸಾಲು ಬರುತ್ತದೆ. ಅಂಚಿನ ಮಡಿಕೆ ಕಳೆದು 38 ಇಂಚು ಅಗಲ, 44 ಇಂಚು ಉದ್ದ, ಮುಕ್ಕಾಲು ಇಂಚಿಗೊಂದು ಸಾಲು ಎಂದು ಲೆಕ್ಕ ಹಾಕಿದರೆ ಇಡೀ ಕೌದಿಗೆ 150ಕ್ಕೂ ಸ್ವಲ್ಪ ಮೇಲೆ ಎಳೆ ಬೇಕು. ದಿನಕ್ಕೆ ನಾಲ್ಕು ಎಳೆ ಹಾಕಿದರೆ, ರಜಾದಿನ ಬಿಟ್ಟು ಆರೇಳು ವಾರ.

"ದಿನಾ ಒಂದು ಗಂಟೆ ನನಗಾಗಿ" ಎಂಬ ಸಂಕಲ್ಪ ಮಕ್ಕಳಿರುವ ಮನೆಯಲ್ಲಿ ಮೂರನೇ ದಿನಕ್ಕೇ ಮುರಿದು ಬೀಳುತ್ತದೆ, ಮೇಲೆ ಬೇಜಾರು ಬೇರೆ. ಎಳೆಗೆ ಆ ಹಂಗಿಲ್ಲ. ರಾತ್ರಿ ಮಲಗುವ ಮುನ್ನ ನಾಲ್ಕು ಸೂಜಿಗೂ ದಾರ ಪೋಣಿಸಿ, ಒಂದು ಚಿಂದಿಗೆ ಚುಚ್ಚಿ ಡಬ್ಬಿಯಲ್ಲಿಟ್ಟಿರಿ. ಹಗಲು ಹತ್ತು ನಿಮಿಷ ಸಿಕ್ಕರೆ ಒಂದು ಎಳೆ. ಡ್ಯಾನ್ಸ್ ಕ್ಲಾಸಿನ ಹೊರಗೆ ಕಾಯುವಾಗ ಎರಡು. ಒಂದೂ ಆಗದ ದಿನ ಏನೂ ಕೆಡುವುದಿಲ್ಲ.

ಮಕ್ಕಳಿಗೇನು ಕೆಲಸ?

ನಾಲ್ಕೈದು ವರ್ಷದವರಿಗೆ ಮುಂದಿನ ತುಂಡು ಆರಿಸುವ ಅಧಿಕಾರ ಕೊಡಿ, ಅವರು ಆರಿಸಿದ್ದನ್ನು ಬದಲಾಯಿಸಬೇಡಿ. ಕಲಾವಿದೆಯಾದವಳಿಗೆ ಇದು ಕಷ್ಟ, ಕೈ ತಡೆದುಕೊಳ್ಳಿ. ಆರೇಳು ವರ್ಷದವರಿಗೆ ಗೋಣಿಚೀಲದ ತುಂಡು, ಮೊಂಡು ತುದಿಯ ಸೂಜಿ, ಉಲ್ಲನ್ ದಾರ ಕೊಟ್ಟರೆ ಪಕ್ಕದಲ್ಲೇ ಕೂತು ಹೊಲಿಯುತ್ತಾರೆ. ಒಂಬತ್ತು ದಾಟಿದವರು ನಿಮ್ಮ ಕಣ್ಣೆದುರು ನಿಜವಾದ ಸೂಜಿ ಹಿಡಿಯಬಹುದು. ಅವರ ಸಾಲು ಸೊಟ್ಟಗಿದ್ದರೆ ಬಿಚ್ಚಬೇಡಿ.

ಹೊಟ್ಟೆಯಲ್ಲಿರುವ ಅಥವಾ ಈಗಷ್ಟೇ ಹುಟ್ಟಿದ ಕೂಸಿಗೆಂದು ಹೊಲಿಯುವವರು ಗಮನಿಸಿ: ಒಂದು ವರ್ಷ ತುಂಬುವವರೆಗೆ ಮಲಗಿರುವ ಮಗುವಿಗೆ ಸಡಿಲ ಹೊದಿಕೆ ಹಾಕಬಾರದು, ಮುಖ ಮುಚ್ಚಿ ಉಸಿರು ಕಟ್ಟುವ ಅಪಾಯವಿದೆ. ಅಲ್ಲಿಯವರೆಗೆ ನೆಲದ ಮೇಲೆ ಹಾಸಿ, ಮಗು ಎಚ್ಚರವಿದ್ದಾಗ ಆಡಿಸಲು ಬಳಸಿ. ಇಂಥ ಕೌದಿಗೆ ಗುಂಡಿ, ಮಣಿ, ಕನ್ನಡಿ ಹೊಲಿಯಬೇಡಿ, ಜೇಬಿಗೂ ಗುಂಡಿ ಬೇಡ.

ಮಾರುವ ಯೋಚನೆ ಈಗಲೇ ಬೇಡ. ನೋಡಿದವರು "ಚೆನ್ನಾಗಿದೆ, ನಮಗೂ ಒಂದು ಮಾಡ್ಕೊಡಿ" ಎಂದೇ ಅನ್ನುತ್ತಾರೆ, ಬೆಲೆ ಕೇಳಿದ ಮೇಲೆ ಫೋನ್ ಬರುವುದಿಲ್ಲ. ಕೊಡಲೇಬೇಕೆಂದರೆ ಎಷ್ಟು ಎಳೆ ಹೋಯಿತು, ಎಳೆಗೆ ಎಷ್ಟು ನಿಮಿಷ ಎಂದು ಬರೆದಿಟ್ಟುಕೊಳ್ಳಿ. ಆ ಚೀಟಿ ತೋರಿಸಿದರೆ ಚೌಕಾಸಿ ಅರ್ಧಕ್ಕೆ ಇಳಿಯುತ್ತದೆ.

ಮೊದಲ ಒಗೆತ ತಣ್ಣೀರಿನಲ್ಲಿ, ಕೈಯಲ್ಲೇ ಆಗಲಿ. ಬ್ರಷ್ ಹಾಕಬೇಡಿ, ಹಿಂಡಿ ತಿರುಚಬೇಡಿ. ಸುರುಳಿ ಸುತ್ತಿ ಒತ್ತಿದರೆ ನೀರು ಇಳಿಯುತ್ತದೆ. ಆಮೇಲಿನದ್ದನ್ನು ಮೆಷಿನ್ನಿನ ನಯವಾದ ಬಟ್ಟೆಯ ಸೆಟ್ಟಿಂಗಿಗೆ ಹಾಕಬಹುದು. ನಾಲ್ಕು ಪದರ ಹತ್ತಿ ಒಣಗಲು ಹೊತ್ತು ಹಿಡಿಯುತ್ತದೆ, ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಯಲ್ಲಿ ಅದರ ಗೋಜಿಗೆ ಹೋಗಬೇಡಿ. ಒಳ್ಳೆ ಬಿಸಿಲಿರುವ ದಿನ ಬೆಳಿಗ್ಗೆಯೇ ಒಗೆದು, ಟೆರೇಸಿನಲ್ಲಿ ಎರಡು ಹಗ್ಗಕ್ಕೆ ಸೇರಿಸಿ ಹರವಿ, ಮಧ್ಯಾಹ್ನ ಒಮ್ಮೆ ಮಗುಚಿ ಹಾಕಿ.