ಹಿಕ್ಕೆಯ ನೀರು ಇಳಿದಾಗ ನೊಣವೂ ಇಳಿಯಿತು: ಶಿರೂರಿನ ಲೇಯರ್ ಫಾರಂನಲ್ಲಿ ನನ್ನ ಅನುಭವ

ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನಲ್ಲಿ 18 ಸಾವಿರ ಮೊಟ್ಟೆಕೋಳಿ ಸಾಕುತ್ತಿರುವ ನಾನು ಮೂಲತಃ ವಿಜಯಪುರದ ಕಡೆಯವನು. ಮೂರು ವರ್ಷಗಳ ಹಿಂದೆ ನನ್ನ ಶೆಡ್ಡು ಮುಚ್ಚಿಸಬೇಕೆಂದು ಗ್ರಾಮಸಭೆಯಲ್ಲಿ ಕೈ ಎತ್ತಿದ ಜನರೇ ಈ ವರ್ಷ ಗೊಬ್ಬರಕ್ಕಾಗಿ ಟ್ರ್ಯಾಕ್ಟರ್ ತಂದು ಗೇಟಿನಲ್ಲಿ ನಿಂತಿದ್ದಾರೆ. ಹಿಕ್ಕೆಯನ್ನು ವಾರವಾರ ತೆಗೆಯದೆ ಶೆಡ್ಡಿನಲ್ಲೇ ಒಣಗಲು ಬಿಟ್ಟು ನೊಣ ತಡೆಯುವ ಈ ವಿಧಾನ ನಡೆಯುವುದಿಲ್ಲವೆಂದು ಕೋಳಿ ಸಾಕುವ ನಮ್ಮವರೇ ಅನೇಕರು ಹೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಒಂದು ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕುತ್ತದೆ ಮತ್ತು ಅದರಲ್ಲಿ ಮುಕ್ಕಾಲು ಪಾಲು ನೀರು ಎಂಬುದು ನಮ್ಮೆಲ್ಲರಿಗೂ ಗೊತ್ತು. ನನ್ನ ಲೆಕ್ಕಕ್ಕೆ ಅದು ದಿನಕ್ಕೆ ಒಂದೂಮುಕ್ಕಾಲು ಟನ್ನಿನ ಮೇಲೆ. ನಮ್ಮ ಬೇಸಿಗೆಯಲ್ಲಿ ಆ ಹಸಿ ಹಿಕ್ಕೆಯಲ್ಲಿ ನೊಣ ಇಟ್ಟ ಮೊಟ್ಟೆ ನೊಣವಾಗಲು ಎಂಟು ಹತ್ತು ದಿನ ಸಾಕು. ಫಾರಂನಿಂದ 400 ಮೀಟರ್ ದೂರದ ವಸ್ತಿಯಲ್ಲಿ, ಅಂದರೆ ಹೊಲಗಳ ನಡುವಿನ ಕೆಲವೇ ಮನೆಗಳ ಗುಂಪಿನಲ್ಲಿ, ಭಾಕರಿಯ (ರೊಟ್ಟಿಯ) ಬುಟ್ಟಿಗೆ ಎರಡು ಬಟ್ಟೆ ಹೊದಿಸುತ್ತಿದ್ದರು. ಒಂದು ನಿಶ್ಚಿತಾರ್ಥದ ಊಟ ನೊಣದಿಂದಾಗಿ ಅರ್ಧಕ್ಕೇ ನಿಂತಾಗ, ಆ ಮನೆಯ ಹಿರಿಯರು ನನ್ನ ಅಂಗಳಕ್ಕೆ ಬಂದು ಒಂದು ಮಾತೂ ಆಡದೆ ಕೂತಿದ್ದು ಹೋದರು. ಆ ದಿನದ ನಾಚಿಕೆಯನ್ನು ನಾನು ಇನ್ನೂ ಮರೆತಿಲ್ಲ. ಒಂದು ಲಕ್ಷಕ್ಕಿಂತ ಕಡಿಮೆ ಕೋಳಿಗಳ ಫಾರಂಗಳಿಗೆ ಮಾಲಿನ್ಯ ನಿಯಂತ್ರಣ ನಿಯಮಗಳಿಂದಿದ್ದ ವಿನಾಯಿತಿಯನ್ನು ಮರುಪರಿಶೀಲಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರಲ್ಲಿ ಹೇಳಿದ ಮೇಲಂತೂ ಸಣ್ಣ ಫಾರಂ ಎಂಬ ನೆಪವೂ ಉಳಿಯಲಿಲ್ಲ.

ಮೊದಲು ಎಲ್ಲರಂತೆ ನಾನೂ ವಾರಕ್ಕೊಮ್ಮೆ ಹಿಕ್ಕೆ ಬಳಿಸುತ್ತಿದ್ದೆ. ನಾಲ್ಕು ಆಳುಗಳು ಹಸಿ ಹಿಕ್ಕೆಯನ್ನು ಹೊಲದ ಬದುವಿಗೆ ಸಾಗಿಸುತ್ತಿದ್ದರು, ಶೆಡ್ಡಿನ ಹುಳುಗಳು ಅಲ್ಲಿ ನೊಣವಾಗುತ್ತಿದ್ದವು, ಮಳೆಗಾಲದಲ್ಲಿ ಅದೇ ರಾಶಿಯ ಕಪ್ಪು ನೀರು ನಾಲೆಗೂ ಬಾವಿಗೂ ಇಳಿಯುತ್ತಿತ್ತು. ನೊಣ ಕೊಲ್ಲುವ ಔಷಧಕ್ಕೆ ತಿಂಗಳಿಗೆ ಹದಿನಾಲ್ಕು ಹದಿನೈದು ಸಾವಿರ ರೂಪಾಯಿ ಹೋಗುತ್ತಿತ್ತು, ಆದರೂ ಎರಡನೆಯ ವರ್ಷ ನೊಣಗಳು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಯಾರದೋ ಮಾತು ಕೇಳಿ ಹಿಕ್ಕೆಯ ಮೇಲೆ ಸುಣ್ಣ ಚೆಲ್ಲಿದ್ದು ನನ್ನ ದೊಡ್ಡ ತಪ್ಪು. ಸುಣ್ಣದ ಕ್ಷಾರಕ್ಕೆ ಅಮೋನಿಯಾ ಒಮ್ಮೆಲೇ ಎದ್ದು ಶೆಡ್ಡಿನೊಳಗೆ ಕಣ್ಣು ಬಿಡಲಾಗಲಿಲ್ಲ, ಕೋಳಿಗಳು ಕೆಮ್ಮತೊಡಗಿದವು, ಉತ್ಪಾದನೆ ಶೇಕಡಾ ಮೂರು ನಾಲ್ಕು ಇಳಿದು ಮತ್ತೆ ಏರಲು ತಿಂಗಳು ಹಿಡಿಯಿತು.

ತಿರುವು ಸಿಕ್ಕಿದ್ದು ಒಂದು ರಾತ್ರಿ ಟಾರ್ಚ್ ಹಿಡಿದು ಪಂಜರಗಳ ಕೆಳಗೆ ನಡೆದಾಗ. ಹುಳುಗಳು ಎಲ್ಲೆಡೆ ಇರಲಿಲ್ಲ. ಕೋಳಿಗಳು ಕೊಕ್ಕಿನಿಂದ ಒತ್ತಿ ನೀರು ಕುಡಿಯುವ ನಿಪ್ಪಲ್ ಸೋರುವ ಜಾಗದ ಕೆಳಗೆ ಮಾತ್ರ ಮುದ್ದೆಮುದ್ದೆಯಾಗಿದ್ದವು. ಸುಮಾರು 4,500 ನಿಪ್ಪಲ್‌ಗಳಲ್ಲಿ ಏಳು ನೂರರಷ್ಟು ತೊಟ್ಟಿಕ್ಕುತ್ತಿದ್ದವು. ಅವನ್ನು ಬದಲಿಸಿ, ಟ್ಯಾಂಕಿನ ಒತ್ತಡ ಇಳಿಸಲು ರೆಗ್ಯುಲೇಟರ್ ಕೂರಿಸಿದೆ. ಆಹಾರದಲ್ಲಿದ್ದ ಒಣಮೀನಿನ ಪುಡಿಯಲ್ಲಿ ಉಪ್ಪು ಹೆಚ್ಚಿದ್ದುದರಿಂದ ಕೋಳಿಗಳು ಅತಿಯಾಗಿ ನೀರು ಕುಡಿಯುತ್ತಿದ್ದವು. ಅದನ್ನು ತೆಗೆದು ಸೋಯಾ ಹಿಂಡಿ ಹೆಚ್ಚಿಸಿದ ವಾರದೊಳಗೆ ಹಿಕ್ಕೆ ಗಟ್ಟಿಯಾಗಿ, ಪಂಜರದ ಕೆಳಗೆ ಶಂಕುವಿನ ಆಕಾರದಲ್ಲಿ ನಿಲ್ಲತೊಡಗಿತು. ಶಂಕು ನಿಂತರೆ ಹಿಕ್ಕೆ ಒಣಗುತ್ತಿದೆ ಎಂದೇ ಲೆಕ್ಕ.

ಆ ಮೇಲೆ ವಾರವಾರ ಬಳಿಯುವುದನ್ನೇ ನಿಲ್ಲಿಸಿದೆ. ಒಣಗಿದ ಹಳೆಯ ಹಿಕ್ಕೆಯಲ್ಲಿ ನೊಣದ ಮೊಟ್ಟೆ ಮತ್ತು ಹುಳು ತಿನ್ನುವ ಸಣ್ಣ ಕಪ್ಪು ಜೀರುಂಡೆಗಳೂ ನುಸಿಗಳೂ (ಮೈಟ್) ನೆಲೆಸುತ್ತವೆ. ವಾರಕ್ಕೊಮ್ಮೆ ಬಳಿದರೆ, ಹಿಕ್ಕೆಯ ಮೇಲೆ ಔಷಧ ಹೊಡೆದರೆ, ಮೊದಲು ಹೋಗುವುದು ಅವೇ. ಈಗ ಚಳಿಗಾಲದಲ್ಲಿ ಮಾತ್ರ ಒಂದು ಸಾಲು ಬಿಟ್ಟು ಒಂದು ಸಾಲು ತೆಗೆಯುತ್ತೇನೆ, ತಳದಲ್ಲಿ ಗೇಣುದ್ದ ಹಾಗೆಯೇ ಬಿಡುತ್ತೇನೆ, ಔಷಧವನ್ನು ಗೋಡೆಗಷ್ಟೇ ಹೊಡೆಸುತ್ತೇನೆ. ಇದನ್ನು ಕೇಳಿದ ಹುಬ್ಬಳ್ಳಿ ಕಡೆಯ ಸ್ನೇಹಿತರೊಬ್ಬರು, ನನಗಿಂತ ಇಮ್ಮಡಿ ಕೋಳಿ ಸಾಕಿದವರು, “ಹಿಕ್ಕಿ ಹಂಗ ಬಿಟ್ರ ಊರ ಮಂದಿ ಬಂದು ಶೆಡ್ಡಿಗೆ ಬೀಗ ಹಾಕ್ತಾರ ನೋಡ್ರಿ, ಅಣ್ಣಾರ” ಎಂದಿದ್ದರು. ಮೊದಲ ಆರು ವಾರ ಅವರ ಮಾತೇ ನಿಜವಾಗುವಂತಿತ್ತು, ಏಕೆಂದರೆ ಜೀರುಂಡೆಗಳು ಬೆಳೆಯುವುದಕ್ಕಿಂತ ಬೇಗ ನೊಣ ಬೆಳೆಯುತ್ತದೆ. ಬಿಳಿ ರಟ್ಟಿನ ತುಂಡುಗಳನ್ನು ತೂಗುಹಾಕಿ ವಾರವಾರ ಅದರ ಮೇಲೆ ನೊಣಗಳು ಕೂತು ಬಿಟ್ಟ ಚುಕ್ಕೆ ಎಣಿಸುತ್ತಿದ್ದೆ. ಆರಂಭದಲ್ಲಿ ಒಂದು ರಟ್ಟಿಗೆ ಮುನ್ನೂರರ ಮೇಲಿದ್ದದ್ದು ನಾಲ್ಕನೆಯ ತಿಂಗಳಿಗೆ ನಲವತ್ತಕ್ಕೆ ಇಳಿಯಿತು. ಅದೇ ಸ್ನೇಹಿತರು ಈಗ ತಮ್ಮ ಎರಡು ಶೆಡ್ಡುಗಳಲ್ಲಿ ಇದನ್ನೇ ಮಾಡಿದ್ದಾರೆ.

ನಡುವೆ, ತ್ಯಾಜ್ಯ ತಿಂದು ಬೆಳೆದು ಕೋಳಿಗೆ ಆಹಾರವಾಗುವ ಕಪ್ಪು ಸೈನಿಕ ನೊಣದ (ಬ್ಲ್ಯಾಕ್ ಸೋಲ್ಜರ್ ಫ್ಲೈ) ಹುಳು ಸಾಕುವ ಪ್ರಯೋಗವನ್ನೂ ಮಾಡಿದೆ. ಹೋಟೆಲಿನ ತರಕಾರಿ ತ್ಯಾಜ್ಯದ ಮೇಲೆ ಅವು ಚೆನ್ನಾಗಿ ಬೆಳೆದು ನಮ್ಮ ಹತ್ತಾರು ಜವಾರಿ ಕೋಳಿಗಳ ಹೊಟ್ಟೆ ತುಂಬಿಸಿದವು, ಆದರೆ ಬರೀ ಹಿಕ್ಕೆಯ ಮೇಲೆ ನನಗೆ ಕೈಗೂಡಲಿಲ್ಲ. ಮೂವತ್ತು ಸಾವಿರದಷ್ಟು ಖರ್ಚಾದ ಮೇಲೆ ಬಿಟ್ಟೆ.

ನಿಪ್ಪಲ್, ರೆಗ್ಯುಲೇಟರ್, ಫ್ಯಾನು, ಮಳೆನೀರು ಹರಿಯುವ ಸೂರಿನ ದೋಣಿ ಎಲ್ಲ ಸೇರಿ ಖರ್ಚು ಒಂದೂಮುಕ್ಕಾಲು ಲಕ್ಷವಾಗಿರಬೇಕು. ಮೊದಲು ಹಸಿ ಹಿಕ್ಕೆಯನ್ನು ಒಯ್ಯಲು ನಾನೇ ಟ್ರ್ಯಾಕ್ಟರ್ ಬಾಡಿಗೆ ಕೊಡುತ್ತಿದ್ದೆ. ಈಗ ಕಬ್ಬಿನ ಸಿಪ್ಪೆ ಬೆರೆಸಿ ಕೊಳೆಸಿದ ಒಣ ಗೊಬ್ಬರವನ್ನು ನಾರಾಯಣಗಾಂವ್ ಕಡೆಯ ದ್ರಾಕ್ಷಿ ಬೆಳೆಗಾರರು ಕಿಲೋಗೆ ಎರಡೂವರೆ ರೂಪಾಯಿಯಂತೆ ಒಯ್ಯುತ್ತಾರೆ, ಸರಾಸರಿ ತಿಂಗಳಿಗೆ ಮೂವತ್ತು ಸಾವಿರದ ಮೇಲೆ ಬರುತ್ತದೆ. ಮೊಟ್ಟೆಯ ದರ ಕುಸಿದ ತಿಂಗಳುಗಳಲ್ಲಿ ಆಳುಗಳ ಸಂಬಳವನ್ನು ಇದೇ ನಡೆಸಿದೆ. ಸಿಪ್ಪೆಯನ್ನು ಯಾವ ಹಂತದಲ್ಲಿ, ಎಷ್ಟು ಬೆರೆಸಬೇಕೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಎರಡು ಮಳೆಗಾಲ ಕಳೆದುಕೊಂಡಿದ್ದೇನೆ.

ಬಾವಿಯ ವಿಷಯ ಇನ್ನೂ ಮುಗಿದಿಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ವಸ್ತಿಯ ಬಾವಿಯಲ್ಲಿ ಅದು ತೊಂಬತ್ತರ ಹತ್ತಿರವಿದ್ದದ್ದು, ಬದುವಿನ ರಾಶಿ ನಿಲ್ಲಿಸಿದ ಎರಡು ವರ್ಷಕ್ಕೆ ಅರವತ್ತರ ಆಸುಪಾಸಿಗೆ ಬಂದಿದೆ. ಸುತ್ತಲಿನ ಕಬ್ಬಿಗೆ ಹಾಕುವ ಯೂರಿಯಾದ ಪಾಲೂ ಅದರಲ್ಲಿ ಇರಬಹುದು, ಆದರೂ ನನ್ನ ಪಾಲು ನನ್ನದೇ. ಅದು ಮಿತಿಯೊಳಗೆ ಇಳಿಯುವವರೆಗೆ ಆ ಬಾವಿಯ ಮೂರು ಮನೆಗಳಿಗೆ ಕುಡಿಯುವ ನೀರಿನ ಕ್ಯಾನುಗಳು ನನ್ನ ಖರ್ಚಿನಲ್ಲೇ ಹೋಗುತ್ತಿವೆ.