ಇಳಿಯದ ಇಆರ್‌ಕೆ ರೇಖೆಯನ್ನು ಇಳಿಸಿದ ಬಗೆ

ಇಲಿಯ ಅಡ್ರಿನಲ್ ಗೆಡ್ಡೆಯಿಂದ ಬೆಳೆಸಿದ ಪಿಸಿ12 ಕೋಶಗಳಿಗೆ ಇಜಿಎಫ್ ಎಂಬ ಬೆಳವಣಿಗೆ ಪ್ರೋಟೀನು ಕೊಟ್ಟರೆ, ಕೋಶದೊಳಗೆ ಸಂಕೇತ ಸಾಗಿಸುವ ಇಆರ್‌ಕೆ ಕಿಣ್ವ ನಿಮಿಷಗಳಲ್ಲೇ ಚುರುಕಾಗಿ, ಬೇಗನೆ ತಣ್ಣಗಾಗುತ್ತದೆ. ನರಕೋಶಗಳ ಬೆಳವಣಿಗೆ ಪ್ರೋಟೀನಾದ ಎನ್‌ಜಿಎಫ್ ಕೊಟ್ಟರೆ ಗಂಟೆಗಟ್ಟಲೆ ಚುರುಕಾಗಿಯೇ ಇರುತ್ತದೆ. ಈ ಸಂಕೇತ ಜಾಲದ ನನ್ನ ಕಂಪ್ಯೂಟರ್ ಮಾದರಿಯಲ್ಲಿ ಮಾತ್ರ, ಇಜಿಎಫ್ ಕೊಟ್ಟಾಗ ಇಆರ್‌ಕೆ ಚುರುಕನ್ನು ತೋರುವ ರೇಖೆಯೂ ಏರಿದ್ದು ಇಳಿಯಲೊಲ್ಲದು. ಕ್ರಿಯೆಗಳ ವೇಗ ಹೇಳುವ ದರಾಂಕಗಳನ್ನು ತಿರುಚಿ ತಿರುಚಿ ಸಾಕಾಯಿತು. ಫಾಸ್ಫೇಟ್ ಕಿತ್ತು ಇಆರ್‌ಕೆಯನ್ನು ತಣ್ಣಗಾಗಿಸುವ ಫಾಸ್ಫಟೇಸ್ ಕಿಣ್ವವನ್ನು ಹೆಚ್ಚಿಸಿದರೆ ಶಿಖರವೇ ಕುಸಿಯುತ್ತಿತ್ತು.

ಕೊನೆಗೆ ಜಾಲದ ನಕ್ಷೆಗೇ ಕೈಹಾಕಿದೆ. ಚುರುಕಾದ ಇಆರ್‌ಕೆ ತನ್ನ ಮೇಲಿನ ಹಂತದ ಎಸ್‌ಒಎಸ್ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ, ಸರಪಳಿಯ ಮುಂದಿನ ಪ್ರೋಟೀನಾದ ರಾಸ್‌ಗೆ ಹೋಗುವ ಸಂಕೇತವನ್ನು ತಗ್ಗಿಸುತ್ತದೆ. ಆ ಹಿಮ್ಮುಖ ಬಾಣವನ್ನು ಸೇರಿಸಿದೆ. ಇಜಿಎಫ್ ಹಿಡಿದ ಗ್ರಾಹಕಗಳನ್ನು ಕೋಶ ಒಳಗೆಳೆದುಕೊಂಡು ನಾಶಮಾಡುವುದಕ್ಕೂ ಸಮೀಕರಣ ಬರೆದೆ. ಶಿಖರ ಉಳಿಯಿತು, ರೇಖೆ ಇಳಿಯಿತು! ಎನ್‌ಜಿಎಫ್‌ಗೆ ರಾಪ್1 ಎಂಬ ಪ್ರೋಟೀನಿನ ಮೂಲಕ ಇನ್ನೊಂದು ದಾರಿಯಿದೆ. ಅದನ್ನು ಇಆರ್‌ಕೆಯ ಮೇಲಿನ ಹಂತದ ಬಿ-ರಾಫ್ ಕಿಣ್ವಕ್ಕೆ ಜೋಡಿಸಿದ ಮೇಲೆ ಎನ್‌ಜಿಎಫ್ ರೇಖೆ ಮೇಲೆಯೇ ನಿಂತಿತು.