ಐಫೋನ್, ಆಂಡ್ರಾಯ್ಡ್ ಎರಡೂ ಇರುವ ಆಫೀಸಿನಲ್ಲಿ ಮೇಲ್‌ಗೆ ಬೀಗ ಹಾಕಿದ್ದು ಹೀಗೆ

ಇನ್‌ಟ್ಯೂನ್‌ನಲ್ಲಿ (ಫೋನ್, ಆ್ಯಪ್‌ಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್ ಸೇವೆ) ಆ್ಯಪ್ ಪ್ರೊಟೆಕ್ಷನ್ ಪಾಲಿಸಿ (ಆ್ಯಪ್ ಒಳಗಿನ ಆಫೀಸ್ ಡೇಟಾ ಕಾಯುವ ನಿಯಮ) ಹಾಕಿ ಔಟ್‌ಲುಕ್‌ಗೆ ಪಿನ್ ಕಡ್ಡಾಯ ಮಾಡಿದ್ದರೂ, ಸಿಬ್ಬಂದಿಯ ಐಫೋನಿನಲ್ಲಿ ಮೊದಲೇ ಇರುವ ಮೇಲ್ ಆ್ಯಪ್‌ನಲ್ಲಿ ಆಫೀಸ್ ಮೇಲ್ ಸಲೀಸಾಗಿ ತೆರೆಯುತ್ತಿತ್ತು. ಪಾಲಿಸಿ ಅಳಿಸಿ ಮತ್ತೆ ಹಾಕಿದೆ, ಉಪಯೋಗವಿಲ್ಲ. ಪೂರ್ತಿ ಫೋನ್ ಎನ್‌ರೋಲ್ ಮಾಡಿ (ಆಫೀಸಿನ ನಿರ್ವಹಣೆಗೆ ಸೇರಿಸಿ) ಅಂದರೆ ಯಾರೂ ಒಪ್ಪಲಿಲ್ಲ, ಸ್ವಂತ ಫೋನ್ ಅಲ್ವಾ.

ಕೆಲಸ ಮಾಡಿದ್ದು ಕಂಡೀಷನಲ್ ಆಕ್ಸೆಸ್, ಅಂದರೆ ಷರತ್ತು ಪೂರೈಸಿದರೆ ಮಾತ್ರ ಲಾಗಿನ್ ಬಿಡುವ ಮೈಕ್ರೋಸಾಫ್ಟ್ ವ್ಯವಸ್ಥೆ. ಮೊದಲು ಆಂಡ್ರಾಯ್ಡ್‌ನವರಿಗೆ ಮೈಕ್ರೋಸಾಫ್ಟ್‌ನ ಕಂಪನಿ ಪೋರ್ಟಲ್ ಆ್ಯಪ್ (ಸುಮ್ನೆ ಇದ್ದರೆ ಸಾಕು, ಲಾಗಿನ್ ಬೇಡ), ಐಫೋನಿನವರಿಗೆ ಮೈಕ್ರೋಸಾಫ್ಟ್ ಅಥೆಂಟಿಕೇಟರ್ ಆ್ಯಪ್ ಹಾಕಿಸಿ. ಆಮೇಲೆ ಕಂಡೀಷನಲ್ ಆಕ್ಸೆಸ್‌ನಲ್ಲಿ ಹೊಸ ಪಾಲಿಸಿ: ಆಫೀಸ್ 365 ಎಕ್ಸ್‌ಚೇಂಜ್ ಆನ್‌ಲೈನ್ (ಆಫೀಸ್ ಮೇಲ್ ಸೇವೆ), ಪ್ಲಾಟ್‌ಫಾರಂ ಎರಡೂ, ಗ್ರಾಂಟ್‌ನಲ್ಲಿ ‘ರಿಕ್ವೈರ್ ಆ್ಯಪ್ ಪ್ರೊಟೆಕ್ಷನ್ ಪಾಲಿಸಿ’. ಇನ್ನೊಂದು ಪಾಲಿಸಿಯಲ್ಲಿ ಕ್ಲೈಂಟ್ ಆ್ಯಪ್ಸ್ ಕೆಳಗೆ ಎಕ್ಸ್‌ಚೇಂಜ್ ಆಕ್ಟಿವ್‌ಸಿಂಕ್ (ಫೋನಿನ ಮೇಲ್ ಆ್ಯಪ್‌ಗಳು ಮೇಲ್ ತರಲು ಬಳಸುವ ದಾರಿ) ಮಾತ್ರ ಟಿಕ್ ಮಾಡಿ ಬ್ಲಾಕ್ ಕೊಡಿ. ತುರ್ತಿಗೊಂದು ಅಡ್ಮಿನ್ ಖಾತೆಯನ್ನು ಎರಡರಿಂದಲೂ ಹೊರಗಿಡಿ. ಮೊದಲು ರಿಪೋರ್ಟ್-ಓನ್ಲಿಯಲ್ಲಿಟ್ಟು (ಯಾರನ್ನೂ ತಡೆಯದೆ ಪರಿಣಾಮ ಮಾತ್ರ ದಾಖಲಿಸುವ ಸ್ಥಿತಿ) ಸೈನ್-ಇನ್ ಲಾಗ್ ನೋಡಿ, ಆಮೇಲೆ ಆನ್ ಮಾಡಿ.